ಟಾರ್ ಐಪಿ ಮುಚ್ಚುತ್ತದೆ, ವ್ಯಾಲೆಟ್ ಕಾಯುವ ಕೆಲಸ ನಮ್ಮದೇ

ಇಂಟರ್‌ನೆಟ್‌ನಲ್ಲಿ ನಮ್ಮ ಸಂಪರ್ಕದ ಗುರುತಾದ ಐಪಿ ವಿಳಾಸವನ್ನು ಮರೆಮಾಡುವ ಜಾಲ ಟಾರ್. ಅದನ್ನು ಬಳಸುವವರಲ್ಲಿ ಒಂದು ಧೈರ್ಯ ತಾನಾಗಿಯೇ ಬಂದು ಕೂತುಬಿಡುತ್ತದೆ. "ನಾನು ಯಾರು ಅಂತಾನೇ ಗೊತ್ತಿಲ್ಲ, ಇನ್ನು ನನ್ನ ದುಡ್ಡು ಯಾರು ಹೊಡೀತಾರೆ?" ಅನ್ನೋ ಧೈರ್ಯ. ಕಳ್ಳನಿಗೆ ನಿಮ್ಮ ಹೆಸರು ಬೇಕಾಗಿಲ್ಲ. ವ್ಯಾಲೆಟ್‌ನ ಕೀ, ಅಂದರೆ ಹಣ ಕಳಿಸಲು ಸಹಿ ಹಾಕುವ ಗುಟ್ಟಿನ ಸಂಖ್ಯೆ, ಸಿಕ್ಕರೆ ಸಾಕು. ನೀವೇ ಅವನ ಅಡ್ರೆಸ್‌ಗೆ ಹಣ ಕಳಿಸಿಬಿಟ್ಟರೆ ಅವನಿಗೆ ಅದೂ ಬೇಡ. ಹಾಗಾಗಿ ಬಿಟ್‌ಕಾಯಿನ್ ವ್ಯಾಲೆಟ್ ಅನ್ನು ಟಾರ್ ಮೂಲಕ ಬಳಸಲು ಶುರು ಮಾಡಿದಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ದಾರಿಯಲ್ಲಿ ಕೂತವನು ನನಗೆ ನಿಜವಾಗಿ ಏನು ಮಾಡಬಲ್ಲ?

ಸಹಿ ಆದ ವಹಿವಾಟನ್ನು ಅವನು ನೋಡಬಹುದು, ತಡೆಹಿಡಿಯಬಹುದು. ಆದರೆ ತಿದ್ದಲಾರ. ಮೊತ್ತವನ್ನೋ ಅಡ್ರೆಸ್ಸನ್ನೋ ಮುಟ್ಟಿದರೆ ಸಹಿ ತಾಳೆಯಾಗುವುದಿಲ್ಲ, ಬಿಟ್‌ಕಾಯಿನ್ ನೆಟ್‌ವರ್ಕ್ ಅದನ್ನು ಒಪ್ಪುವುದಿಲ್ಲ. ಅಂದರೆ ಅವನ ಆಟವೆಲ್ಲ ಸಹಿಗೆ ಮುಂಚೆ. ನನ್ನ ಎಚ್ಚರವನ್ನೂ ಅಲ್ಲಿಗೇ ಇಟ್ಟುಕೊಂಡೆ.

2020ರಲ್ಲಿ ನಡೆದದ್ದನ್ನೇ ನೋಡಿ. ಟಾರ್‌ನಲ್ಲಿ ನಮ್ಮ ಮಾಹಿತಿ ಸಾಮಾನ್ಯವಾಗಿ ಮೂರು ರಿಲೇಗಳನ್ನು, ಅಂದರೆ ಮಾಹಿತಿಯನ್ನು ಮುಂದಕ್ಕೆ ಸಾಗಿಸುವ ಕಂಪ್ಯೂಟರ್‌ಗಳನ್ನು, ದಾಟುತ್ತದೆ. ಕೊನೆಯದು ಎಕ್ಸಿಟ್, ಅಲ್ಲಿಂದ ಮಾಹಿತಿ ಮಾಮೂಲಿ ಇಂಟರ್‌ನೆಟ್‌ಗೆ ಹೋಗುತ್ತದೆ. ಅದನ್ನು ಯಾರು ಬೇಕಾದರೂ ನಡೆಸಬಹುದು. ಆ ವರ್ಷದ ಮೇ ತಿಂಗಳಲ್ಲಿ ಒಂದೇ ಗುಂಪು ಇಡೀ ಟಾರ್‌ನ ಎಕ್ಸಿಟ್ ಸಾಮರ್ಥ್ಯದ ಶೇ 23ರಷ್ಟನ್ನು ಕೈಯಲ್ಲಿ ಇಟ್ಟುಕೊಂಡಿತ್ತು. ಬಳಕೆದಾರ ಸೈಟಿನ ಹೆಸರನ್ನು ಸುಮ್ನೆ ಟೈಪ್ ಮಾಡಿದರೆ ಬ್ರೌಸರ್ ಮೊದಲು ಗೂಢಲಿಪಿ ಇಲ್ಲದ ಎಚ್‌ಟಿಟಿಪಿಯಲ್ಲಿ ಹೋಗುತ್ತಿತ್ತು. ಗೂಢಲಿಪಿ ಇರುವ ಎಚ್‌ಟಿಟಿಪಿಎಸ್‌ಗೆ ಹೋಗು ಎಂದು ಸೈಟ್ ಹೇಳುವ ಮಾತನ್ನು ಈ ಗುಂಪು ನಡುವೆಯೇ ನುಂಗಿಹಾಕುತ್ತಿತ್ತು. ಗುರಿ ಹೆಚ್ಚಾಗಿ ಕ್ರಿಪ್ಟೊ ಸೈಟುಗಳು, ಅದರಲ್ಲೂ ಮಿಕ್ಸರ್‌ಗಳು, ಅಂದರೆ ಹಲವರ ಕಾಯಿನ್‌ಗಳನ್ನು ಬೆರೆಸಿ ಮೂಲ ಮುಚ್ಚುವ ಸೇವೆಗಳು. ಪುಟದಲ್ಲಿದ್ದ ಬಿಟ್‌ಕಾಯಿನ್ ಅಡ್ರೆಸ್ ಬದಲಾಗಿರುತ್ತಿತ್ತು, ಅಷ್ಟೇ. ಉಳಿದದ್ದೆಲ್ಲ ಸರಿಯಾಗಿಯೇ ಕಾಣುತ್ತಿತ್ತು.

2022ರಲ್ಲಿ ಬಂದ 11.5ನೇ ಆವೃತ್ತಿಯಿಂದ ಕಂಪ್ಯೂಟರ್‌ನ ಟಾರ್ ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್-ಓನ್ಲಿ ಮೋಡ್ ತಾನಾಗಿಯೇ ಆನ್ ಇರುತ್ತದೆ. ಅದು ಎಚ್ಚರಿಕೆ ತೋರಿಸಿದರೆ ನಾನು ಆ ಟ್ಯಾಬ್ ಮುಚ್ಚುತ್ತೇನೆ, "ಪರವಾಗಿಲ್ಲ, ಮುಂದೆ ಹೋಗು" ಒತ್ತುವುದಿಲ್ಲ. ಸೈಟಿಗೆ ಟಾರ್ ಒಳಗೇ ತೆರೆಯುವ ಆನಿಯನ್ ವಿಳಾಸ ಇದ್ದರೆ ಅದನ್ನೇ ಬಳಸುತ್ತೇನೆ, ಆಗ ಎಕ್ಸಿಟ್‌ನ ಗೊಡವೆಯೇ ಇಲ್ಲ. ಆದರೆ ಆ ವಿಳಾಸ 56 ಅಕ್ಷರ ಉದ್ದ. ಮೊದಲ ನಾಲ್ಕೈದು ಅಕ್ಷರ ಹೊಂದಿಸಿ ನಕಲಿ ಮಾಡುವುದು ಏನೂ ಕಷ್ಟವಲ್ಲ. ಅದಕ್ಕೇ ಒಮ್ಮೆ ಸೈಟಿನ ಮೂಲ ಪುಟದಲ್ಲಿ ತಾಳೆ ನೋಡಿ ಬುಕ್‌ಮಾರ್ಕ್ ಮಾಡಿಕೊಳ್ಳುತ್ತೇನೆ. ಹುಡುಕಿ ಸಿಕ್ಕಿದ ಲಿಂಕ್ ಒತ್ತುವುದಿಲ್ಲ.

ಇನ್ನು ಡೌನ್‌ಲೋಡ್. ನಕಲಿ ಟಾರ್ ಬ್ರೌಸರ್ ಒಳಗೆ ಕ್ಲಿಪ್‌ಬೋರ್ಡ್ ಕಾಯುವ ಮಾಲ್‌ವೇರ್ ಇಟ್ಟು ಹಂಚುತ್ತಿದ್ದುದನ್ನು ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ 2023ರಲ್ಲಿ ಬಯಲು ಮಾಡಿತು. ನೀವು ಒಂದು ಅಡ್ರೆಸ್ ಕಾಪಿ ಮಾಡುತ್ತೀರಿ, ಪೇಸ್ಟ್ ಆಗುವುದು ಕಳ್ಳನದು. 2018ರ ಕೊನೆಯಲ್ಲಿ ಎಲೆಕ್ಟ್ರಮ್ ಎಂಬ ವ್ಯಾಲೆಟ್‌ನ ಬಳಕೆದಾರರಿಗೆ ಬೇರೆ ಥರ ಆಯಿತು. ಕೆಟ್ಟ ಸರ್ವರ್‌ಗಳು ವ್ಯಾಲೆಟ್ ಕಿಟಕಿಯೊಳಗೇ "ಅಪ್‌ಡೇಟ್ ಮಾಡಿ" ಎಂದು ಸಂದೇಶ ತೋರಿಸಿ ನಕಲಿ ಆವೃತ್ತಿ ಕೊಟ್ಟವು. ಆದ್ದರಿಂದ ಬ್ರೌಸರ್ ಆಗಲಿ ವ್ಯಾಲೆಟ್ ಆಗಲಿ, ಜಿಪಿಜಿ ಸಹಿ (ಫೈಲ್ ಅದರ ತಯಾರಕರದ್ದೇ ಎಂದು ತೋರಿಸುವ ಡಿಜಿಟಲ್ ಸಹಿ) ಪರೀಕ್ಷಿಸದೆ ನಾನು ಇನ್‌ಸ್ಟಾಲ್ ಮಾಡುವುದಿಲ್ಲ. ಸಹಿಯ ಕೀ ಮತ್ತು ಫೈಲ್ ಎರಡೂ ಒಂದೇ ಪುಟದಿಂದ ಬಂದರೆ ಪರೀಕ್ಷೆಗೆ ಅರ್ಥವಿಲ್ಲ, ಅಲ್ವಾ? ಕೀಯ ಫಿಂಗರ್‌ಪ್ರಿಂಟ್ ಅನ್ನು, ಅಂದರೆ ಅದನ್ನು ಗುರುತಿಸುವ ಚಿಕ್ಕ ಸಂಕೇತವನ್ನು, ಬೇರೆ ದಾರಿಯಿಂದ ನೋಡಿಕೊಳ್ಳುತ್ತೇನೆ.

ಟಾರ್ ಬ್ರೌಸರ್‌ಗೆ ವ್ಯಾಲೆಟ್ ಎಕ್ಸ್‌ಟೆನ್ಷನ್ ಹಾಕುವುದಿಲ್ಲ. ಆ ಬ್ರೌಸರ್‌ನ ಬಲವೇ ಎಲ್ಲರದೂ ಒಂದೇ ಥರ ಕಾಣುವುದು. ಎಕ್ಸ್‌ಟೆನ್ಷನ್ ಹಾಕಿದರೆ ನಾವು ಎದ್ದು ಕಾಣುತ್ತೇವೆ. ಜೊತೆಗೆ ಅಪರಿಚಿತ ಪುಟಗಳು ತೆರೆಯುವ ಜಾಗದಲ್ಲೇ ಕೀಗಳೂ ಇರಬೇಕಾಗುತ್ತದೆ. ನನ್ನ ವ್ಯಾಲೆಟ್ ಬೇರೆಯೇ ಪ್ರೋಗ್ರಾಂ. ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಟಾರ್ ಮೂಲಕ ಹೋಗಲಿ ಎಂದು ಅದರ ಸೆಟ್ಟಿಂಗ್‌ನಲ್ಲಿ ಸಾಕ್ಸ್5 ಪ್ರಾಕ್ಸಿ 127.0.0.1, ಪೋರ್ಟ್ 9050 ಎಂದು ಕೊಟ್ಟಿದ್ದೇನೆ. ಟಾರ್ ಬ್ರೌಸರ್ ತೆರೆದಿಟ್ಟು ಅದರ ಮೂಲಕ ಹೋಗುವವರಿಗೆ 9150.

ಇಲ್ಲಿ ಹಲವರು ನಿಲ್ಲುತ್ತಾರೆ. ಆದರೆ ವ್ಯಾಲೆಟ್ ಬೇರೆಯವರ ಸರ್ವರ್ ಜೊತೆ ಮಾತಾಡುತ್ತಿದ್ದರೆ ನಿಮ್ಮ ಅಡ್ರೆಸ್‌ಗಳೆಲ್ಲ ಒಟ್ಟಿಗೆ ಅವರ ಕೈಗೆ ಹೋಗುತ್ತವೆ. ಐಪಿ ಗೊತ್ತಿಲ್ಲದಿದ್ದರೂ ಇವೆಲ್ಲ ಒಬ್ಬನದೇ ಎಂದು ತಿಳಿಯುತ್ತದೆ. ಅದಕ್ಕೆ ನಾನು ಬಿಟ್‌ಕಾಯಿನ್ ಕೋರ್ ನೋಡ್ ಅನ್ನು (ಎಲ್ಲ ವಹಿವಾಟುಗಳ ದಾಖಲೆಯಾದ ಚೈನ್ ಅನ್ನು ತಾನೇ ಪರೀಕ್ಷಿಸುವ ಪ್ರೋಗ್ರಾಂ) ಮನೆಯಲ್ಲೇ ಓಡಿಸುತ್ತೇನೆ. ಪೂರ್ತಿ ಚೈನ್ 600 ಜಿಬಿ ದಾಟಿದೆ, ಆದ್ದರಿಂದ ಇನ್ನೂ ದೊಡ್ಡ ಡಿಸ್ಕ್ ಬೇಕು. ಮೊದಲ ಸಿಂಕ್ ಟಾರ್‌ನಲ್ಲಿ ಬಹಳ ನಿಧಾನ. ವ್ಯಾಲೆಟ್ ಸೃಷ್ಟಿಸುವ ಮುಂಚೆ ಮಾಮೂಲಿ ಇಂಟರ್‌ನೆಟ್‌ನಲ್ಲೇ ಮುಗಿಸಿ, ಆಮೇಲೆ ಟಾರ್‌ಗೆ ತಿರುಗಿಸಿದೆ. ಆನಿಯನ್ ನೋಡ್‌ಗಳು ಮಾತ್ರ ಸಾಕು ಎಂಬ ಆಯ್ಕೆಯೂ ಇದೆ. ನಾನು ಅದನ್ನು ಹಾಕಿಲ್ಲ. ಆನಿಯನ್ ವಿಳಾಸಗಳನ್ನು ಪುಕ್ಕಟೆಯಾಗಿ ಎಷ್ಟು ಬೇಕಾದರೂ ಮಾಡಬಹುದು. ಸುತ್ತಲೂ ಒಬ್ಬನದೇ ನೋಡ್‌ಗಳು ತುಂಬಿಕೊಂಡರೆ ನಮಗೆ ಕಾಣುವುದು ಅವನು ತೋರಿಸಿದ ಚೈನ್.

ಕೀಗಳು ಆ ಕಂಪ್ಯೂಟರ್‌ನಲ್ಲೂ ಇಲ್ಲ. ಅಲ್ಲಿರುವುದು ಬರೀ ನೋಡುವ ವ್ಯಾಲೆಟ್. ಅದು ಸಹಿಯಿಲ್ಲದ ವಹಿವಾಟನ್ನು ಪಿಎಸ್‌ಬಿಟಿ ಫೈಲ್ ಮಾಡಿಕೊಡುತ್ತದೆ. ಕೀಗಳಿರುವ, ಇಂಟರ್‌ನೆಟ್ ಮುಟ್ಟದ ಪುಟ್ಟ ಸಾಧನವಾದ ಹಾರ್ಡ್‌ವೇರ್ ವ್ಯಾಲೆಟ್‌ನಲ್ಲಿ ಸಹಿ ಹಾಕಿ ವಾಪಸ್ ತರುತ್ತೇನೆ. 24 ಪದಗಳ ಸೀಡ್ ಅನ್ನು (ಕೀಗಳನ್ನು ಮತ್ತೆ ಸೃಷ್ಟಿಸಬಲ್ಲ ಪದಗಳು) ಯಾವ ಕೀಬೋರ್ಡ್‌ನಲ್ಲೂ ಟೈಪ್ ಮಾಡಿಲ್ಲ, ಫೋಟೊ ತೆಗೆದಿಲ್ಲ. ಅದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ.

ಜಾಸ್ತಿ ಹೊತ್ತು ಹೋಗುವುದು ಹಾರ್ಡ್‌ವೇರ್ ವ್ಯಾಲೆಟ್‌ನ ಪುಟ್ಟ ಸ್ಕ್ರೀನ್ ನೋಡುವುದರಲ್ಲಿ. ಬಿಟ್‌ಕಾಯಿನ್ ಅಡ್ರೆಸ್‌ನಲ್ಲಿ ಬಗೆಗಳಿವೆ: ಮಾಮೂಲಿ ಸೆಗ್‌ವಿಟ್ ಅಡ್ರೆಸ್ 42 ಅಕ್ಷರ, ಹೊಸ ಬಗೆಯ ಟ್ಯಾಪ್‌ರೂಟ್ ಆದರೆ 62. ತುದಿಗಳೆರಡನ್ನೂ ಹೋಲುವ ಅಡ್ರೆಸ್ ತಯಾರಿಸುವವರು ಇದ್ದಾರೆ, ಆದ್ದರಿಂದ ಮೊದಲು ಕೊನೆ ನೋಡಿದರೆ ಸಾಲದು. ನಾಲ್ಕು ನಾಲ್ಕು ಅಕ್ಷರವಾಗಿ ಪೂರ್ತಿ ಓದುತ್ತೇನೆ. ಹೋಲಿಸುವುದು ಆ ಕಂಪ್ಯೂಟರ್‌ನಲ್ಲಿ ಕಂಡದ್ದರ ಜೊತೆ ಅಲ್ಲ. ಹಣ ಪಡೆಯುವವರು ಫೋನಿನಲ್ಲಿ ಓದಿ ಹೇಳಿದ್ದರ ಜೊತೆ, ಅದು ಆಗದಿದ್ದರೆ ಬೇರೆ ಸಾಧನದಲ್ಲಿ ತೆರೆದು ನೋಡಿದ್ದರ ಜೊತೆ. ದೊಡ್ಡ ಮೊತ್ತವಾದರೆ ಮೊದಲು ಚಿಲ್ಲರೆ ಕಳಿಸಿ, ತಲುಪಿತು ಎಂದ ಮೇಲೆ ಉಳಿದದ್ದು. ಎರಡು ಸಲ ಶುಲ್ಕ ಹೋಗುತ್ತದೆ, ಹೋಗಲಿ.

ಗುರುತಿನ ದಾಖಲೆ ಕೊಟ್ಟಿರುವ ಎಕ್ಸ್‌ಚೇಂಜ್‌ಗೆ (ಬಿಟ್‌ಕಾಯಿನ್ ಕೊಳ್ಳುವ, ಮಾರುವ ತಾಣ) ಮಾತ್ರ ಟಾರ್ ಮೂಲಕ ಹೋಗುವುದಿಲ್ಲ. ನಾನು ಯಾರು ಎಂದು ಅವರಿಗೆ ಗೊತ್ತೇ ಇದೆ. ಅನುಮಾನ ಬಂದು ಖಾತೆ ತಡೆಹಿಡಿದರೆ ಪರದಾಡುವವನು ನಾನೇ. ಅಲ್ಲಿಂದ ಬಂದ ಕಾಯಿನ್‌ಗಳಿಗೆ ವ್ಯಾಲೆಟ್‌ನಲ್ಲಿ ಲೇಬಲ್ ಹಾಕಿ ಬೇರೆ ಖಾತೆಯಲ್ಲಿ ಇಡುತ್ತೇನೆ. ಬೇರೆ ಕಡೆಯ ಕಾಯಿನ್ ಜೊತೆ ಒಂದೇ ವಹಿವಾಟಿನಲ್ಲಿ ಸೇರಿಸಿದರೆ ಚೈನ್ ನೋಡುವ ಯಾರಿಗಾದರೂ ನಂಟು ಕಾಣುತ್ತದೆ, ಅಲ್ಲಿ ಟಾರ್ ಏನೂ ಮಾಡಲಾರದು. ಹಾಗಾಗಿ ಪ್ರತಿ ಸಲ ಕಳಿಸುವಾಗ ಯಾವ ಕಾಯಿನ್ ಹೋಗಬೇಕು ಎಂದು ನಾನೇ ಆರಿಸುತ್ತೇನೆ. ಒಂದು ಕಡೆಯ ಮೊತ್ತ ಸಾಲದಿದ್ದರೆ ಎರಡು ವಹಿವಾಟು ಮಾಡಿ, ಎರಡು ಬೇರೆ ಅಡ್ರೆಸ್ ಕೇಳುತ್ತೇನೆ.