ಚೀನಾದಲ್ಲಿ ಉಳಿಸಿದ ದುಡ್ಡನ್ನು ಊರಿಗೆ ತಂದದ್ದು ಹೀಗೆ

ಚೀನಾದಲ್ಲಿ ಕೆಲಸ ಮಾಡುವ ನಮ್ಮವರ ನಡುವೆ ಒಂದು ಮಾತು ಓಡಾಡುತ್ತಿರುತ್ತದೆ: ಅಲ್ಲಿ ಸಂಪಾದಿಸಬಹುದು, ಆದರೆ ಹೊರಗೆ ತರೋಕೆ ಆಗಲ್ಲ. ಸುಳ್ಳು. ತರಬಹುದು, ಕಾನೂನು ಪ್ರಕಾರವೇ ತರಬಹುದು. ಆದರೆ ಅಲ್ಲಿನ ಬ್ಯಾಂಕಿಗೆ ನಿಮ್ಮ ಖಾತೆಯಲ್ಲಿ ಎಷ್ಟು ದುಡ್ಡಿದೆ ಅನ್ನುವುದಕ್ಕಿಂತ, ಅದಕ್ಕೆ ತೆರಿಗೆ ಕಟ್ಟಿದ ಕಾಗದ ಇದೆಯಾ ಅನ್ನುವುದು ಮುಖ್ಯ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನು ಶೆನ್‌ಜೆನ್‌ನಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೆ. ಸಂಬಳ ಯುವಾನ್‌ನಲ್ಲಿ, ಅಲ್ಲಿಯದೇ ಬ್ಯಾಂಕ್ ಖಾತೆಗೆ. ಇದ್ದಷ್ಟು ದಿನ ಆಗಾಗ ಒಂದಿಷ್ಟು ಕಳಿಸುತ್ತಿದ್ದೆ. ಕೆಲಸ ಬಿಟ್ಟು ಬರುವಾಗ ಉಳಿದದ್ದನ್ನು ತಂದೆ.

ಮೊದಲು ನಿಯಮ. ಚೀನಾದ ಪ್ರಜೆಗಳಿಗೆ ವರ್ಷಕ್ಕೆ 50,000 ಡಾಲರ್‌ವರೆಗೆ ವಿದೇಶಿ ಹಣ ಕೊಳ್ಳುವ ಕೋಟಾ ಇದೆ. ಕೆಲಸಕ್ಕೆ ಹೋದ ನಮಗೆ ಆ ಕೋಟಾ ಇಲ್ಲ. ಬರೀ ಪಾಸ್‌ಪೋರ್ಟ್ ತೋರಿಸಿದರೆ ದಿನಕ್ಕೆ 500 ಡಾಲರ್ ಲೆಕ್ಕದಷ್ಟು ಮಾತ್ರ ಬದಲಾಯಿಸಿಕೊಡುತ್ತಾರೆ. ಅನೇಕರು ಇಷ್ಟನ್ನೇ ಕೇಳಿಸಿಕೊಂಡು ಕೈಚೆಲ್ಲುತ್ತಾರೆ. ಆದರೆ ಚೀನಾದಲ್ಲಿ ದುಡಿದ, ತೆರಿಗೆ ಕಟ್ಟಿದ ಆದಾಯಕ್ಕೆ ವರ್ಷದ ಮಿತಿಯೇ ಇಲ್ಲ. ನಿಮ್ಮ ದುಡಿಮೆಯೇ ನಿಮ್ಮ ಮಿತಿ.

ಲೆಕ್ಕ ಸರಳ. ಒಂದು ಉದಾಹರಣೆ ತೆಗೆದುಕೊಳ್ಳಿ. ವರ್ಷಕ್ಕೆ 4,00,000 ಯುವಾನ್ ಸಂಬಳ. ತೆರಿಗೆ ಮತ್ತು ಸಾಮಾಜಿಕ ವಿಮೆ ಸೇರಿ 75,000 ಹೋಯಿತು ಅಂದುಕೊಳ್ಳಿ. ಉಳಿದದ್ದು 3,25,000. ಇದರಲ್ಲಿ ಆಗಲೇ 2,00,000 ಕಳಿಸಿದ್ದರೆ ಇನ್ನು 1,25,000 ಕಳಿಸಬಹುದು. ಖಾತೆಯಲ್ಲಿ ಅದಕ್ಕಿಂತ ಜಾಸ್ತಿ ಇದ್ದರೂ, ಹೆಚ್ಚಿನದಕ್ಕೆ ಬೇರೆ ಕಾಗದ ಬೇಕು. ಸ್ನೇಹಿತರು ವೀಚಾಟ್‌ನಲ್ಲಿ (ಮೆಸೇಜಿಗೂ ದುಡ್ಡು ಕಳಿಸುವುದಕ್ಕೂ ಅಲ್ಲಿ ಬಳಸುವ ಆ್ಯಪ್) ಹಾಕಿದ ದುಡ್ಡು, ಹಳೇ ಸೋಫಾ ಮಾರಿದ್ದು, ಮನೆ ಮಾಲೀಕ ವಾಪಸ್ ಕೊಟ್ಟ ಅಡ್ವಾನ್ಸು ಎಲ್ಲ ಖಾತೆಗೆ ಬಂದು ಕೂತಿರುತ್ತದೆ, ಆದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅಲ್ಲಿನ ಖರ್ಚಿಗೆಲ್ಲ ಇಂಥ ದುಡ್ಡನ್ನೇ ಬಳಸಿದೆ. ಸಂಬಳದ ಲೆಕ್ಕ ಕಳಿಸುವುದಕ್ಕೆ ಉಳಿಯಿತು.

ಬ್ಯಾಂಕು ಕೇಳುವ ಕಾಗದಗಳು ಹೀಗಿವೆ: ಪಾಸ್‌ಪೋರ್ಟ್ ಮತ್ತು ಅದರಲ್ಲಿರುವ ರೆಸಿಡೆನ್ಸ್ ಪರ್ಮಿಟ್, ವರ್ಕ್ ಪರ್ಮಿಟ್, ಕೆಲಸದ ಒಪ್ಪಂದ, ಕಂಪನಿ ಕೊಟ್ಟ ಸಂಬಳದ ಪತ್ರ, ತೆರಿಗೆ ದಾಖಲೆ. ಕಂಪನಿಯ ಕಾಗದದ ಮೇಲೆ ದುಂಡನೆಯ ಕೆಂಪು ಸೀಲು ಇರಲೇಬೇಕು. ಮ್ಯಾನೇಜರ್ ಸಹಿ ಎಷ್ಟೇ ದೊಡ್ಡದಾಗಿದ್ದರೂ ಸೀಲಿಲ್ಲದ ಕಾಗದಕ್ಕೆ ಅಲ್ಲಿ ಬೆಲೆಯಿಲ್ಲ. ತೆರಿಗೆ ದಾಖಲೆಯನ್ನು ತೆರಿಗೆ ಇಲಾಖೆಯ ಆ್ಯಪ್‌ನಿಂದ ನಾವೇ ಇಳಿಸಿಕೊಳ್ಳಬಹುದು. ವಿದೇಶಿಯರು ಆ್ಯಪ್‌ನಲ್ಲಿ ನೋಂದಾಯಿಸಿಕೊಳ್ಳುವುದಕ್ಕೆ ಒಮ್ಮೆ ತೆರಿಗೆ ಕಚೇರಿಗೆ ಹೋಗಿ ನೋಂದಣಿ ಕೋಡ್ ತರಬೇಕು. ದಾಖಲೆಯ ಮೇಲೆ ಪರಿಶೀಲನೆಯ ಕೋಡ್ ಇರುತ್ತದೆ. ಕೌಂಟರಿನ ಹುಡುಗಿ ಅದನ್ನು ಪರೀಕ್ಷಿಸಿ, ತಿಂಗಳು ತಿಂಗಳ ಸಾಲನ್ನು ಬೆರಳಿಟ್ಟು ಓದಿ, ಕ್ಯಾಲ್ಕುಲೇಟರ್‌ನಲ್ಲಿ ಕೂಡುತ್ತಾಳೆ. ಆಮೇಲೆ ಮೇಲಿನವರನ್ನು ಕರೆಯುತ್ತಾಳೆ. ಅವರು ಇನ್ನೊಮ್ಮೆ ಕೂಡುತ್ತಾರೆ. ಯಾವ ತಿಂಗಳಿನವರೆಗಿನ ಆದಾಯಕ್ಕೆ ಎಷ್ಟು ಡಾಲರ್ ಕೊಂಡಾಗಿದೆ ಅಂತ ದಾಖಲಿಸಿಕೊಳ್ಳುತ್ತಾರೆ. ಅದೇ ಕಾಗದ ಎರಡನೇ ಸಲ ನಡೆಯಬಾರದಲ್ವಾ.

ಶಾಖೆಯಿಂದ ಶಾಖೆಗೆ ಮಾತು ಬದಲಾಗುತ್ತದೆ. ನಿಯಮ ಒಂದೇ, ಆದರೆ ವಿದೇಶಿಯರು ಬರದ ಶಾಖೆಯಲ್ಲಿ ಸಿಬ್ಬಂದಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿಲ್ಲ ಅನ್ನುವ ಬದಲು ಆಗಲ್ಲ ಅನ್ನುತ್ತಾರೆ. ಅವರ ಜೊತೆ ವಾದಿಸಿ ಪ್ರಯೋಜನವಿಲ್ಲ. ವಿದೇಶಿ ಕಂಪನಿಗಳು ಜಾಸ್ತಿ ಇರುವ ಬಡಾವಣೆಯ ದೊಡ್ಡ ಶಾಖೆಗೆ ಹೋಗಿ, ಒಬ್ಬ ಮ್ಯಾನೇಜರ್‌ನ ಪರಿಚಯ ಮಾಡಿಕೊಂಡು, ಪ್ರತಿ ಸಲ ಅಲ್ಲಿಗೇ ಹೋಗುವುದು ಒಳ್ಳೆಯದು. ಹೋಗುವ ಮುಂಚೆ ವೀಚಾಟ್‌ನಲ್ಲಿ ಕಾಗದಗಳ ಫೋಟೋ ಕಳಿಸಿ "ಇಷ್ಟು ಸಾಕಾ" ಅಂತ ಕೇಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೌಂಟರ್‌ಗಳು ಅರ್ಧ ಮುಚ್ಚಿರುತ್ತವೆ, ಬೆಳಿಗ್ಗೆಯೇ ಹೋಗಿ.

ಈಗ ಹೆಸರಿನ ವಿಷಯ. ಇದು ದಕ್ಷಿಣ ಭಾರತದವರಿಗೆ ವಿಶೇಷ ತಲೆನೋವು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರು, ಅಪ್ಪನ ಹೆಸರು, ನನ್ನ ಹೆಸರು ಎಲ್ಲ ಒಂದೇ ಸಾಲಿನಲ್ಲಿವೆ. ಬ್ಯಾಂಕಿನವರು ಅದನ್ನು ಸ್ಪೇಸ್ ಬಿಟ್ಟು ಹಾಕಿದ್ದರು. ಕಂಪನಿಯ ಎಚ್‌ಆರ್ ತೆರಿಗೆ ವ್ಯವಸ್ಥೆಯಲ್ಲಿ ಸ್ಪೇಸ್ ಇಲ್ಲದೆ ಒಟ್ಟಿಗೆ ಸೇರಿಸಿ ಹಾಕಿದ್ದರು. ಕಂಪ್ಯೂಟರ್‌ಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಊರಿನ ಬ್ಯಾಂಕಿನಲ್ಲೋ, ಅಪ್ಪನ ಹೆಸರು ಬರೀ ಇನಿಶಿಯಲ್! ಕಳಿಸುವ ಮೊದಲೇ ಮೂರೂ ಕಡೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಮಾಡಿಸಿದೆ. ತೆರಿಗೆ ದಾಖಲೆ ತಿದ್ದಿಸುವುದು ಎಚ್‌ಆರ್ ಕೆಲಸ, ಬೆನ್ನು ಬೀಳಬೇಕು ಅಷ್ಟೇ.

ಪಾಸ್‌ಪೋರ್ಟ್ ನವೀಕರಿಸಿದರೆ ಇದೇ ಕತೆ ಇನ್ನೂ ದೊಡ್ಡದಾಗುತ್ತದೆ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್. ಚೀನಾದಲ್ಲಿ ಬ್ಯಾಂಕ್, ತೆರಿಗೆ, ವಿಮೆ, ಸಿಮ್ ಎಲ್ಲ ಆ ನಂಬರಿಗೆ ಕಟ್ಟಿಕೊಂಡಿರುತ್ತವೆ. ಹಳೇ ನಂಬರಿನ ತೆರಿಗೆ ಒಂದು ಕಡೆ, ಹೊಸ ನಂಬರಿನದು ಇನ್ನೊಂದು ಕಡೆ ಉಳಿಯುತ್ತದೆ. ಎರಡನ್ನೂ ಸೇರಿಸಿ ಅಂತ ತೆರಿಗೆ ಕಚೇರಿಯಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಹಳೇ ಪಾಸ್‌ಪೋರ್ಟನ್ನು ಮಾತ್ರ ಜೋಪಾನವಾಗಿಡಿ, ಎರಡೂ ತೋರಿಸಬೇಕಾಗುತ್ತದೆ.

ಕಳಿಸುವುದು ಎರಡು ಹಂತ. ಮೊದಲು ಯುವಾನ್ ಕೊಟ್ಟು ಡಾಲರ್ ಕೊಳ್ಳುವುದು. ಆಮೇಲೆ ಆ ಡಾಲರನ್ನು ಸ್ವಿಫ್ಟ್ (ದೇಶ ದೇಶಗಳ ಬ್ಯಾಂಕುಗಳನ್ನು ಜೋಡಿಸುವ ಜಾಲ) ಮೂಲಕ ಊರಿನ ಎನ್‌ಆರ್‌ಇ ಖಾತೆಗೆ, ಅಂದರೆ ಅನಿವಾಸಿಗಳು ಹೊರಗೆ ದುಡಿದದ್ದನ್ನು ರೂಪಾಯಿಯಲ್ಲಿ ಇಡುವ ಖಾತೆಗೆ, ಹಾಕುವುದು. ನಮ್ಮ ಊರಿನ ಶಾಖೆಗೆ ಸ್ವಿಫ್ಟ್ ಕೋಡ್ ಇರಲಿಲ್ಲ, ಸಣ್ಣ ಶಾಖೆಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಆ ಬ್ಯಾಂಕಿನ ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆಯ ಕೋಡ್ ಹಾಕಿ, ನಮ್ಮ ಖಾತೆ ನಂಬರ್ ಮತ್ತು ಶಾಖೆಯ ಐಎಫ್‌ಎಸ್‌ಸಿಯನ್ನು ಜೊತೆಗೆ ಬರೆಯಬೇಕು. ಫಾರ್ಮ್‌ನಲ್ಲಿ ಶುಲ್ಕ ಯಾರದ್ದು ಅಂತ ಕೇಳುತ್ತಾರೆ. ಹಂಚಿಕೊಳ್ಳುವುದು ಅಂತ ಹಾಕಿದರೆ ಮಧ್ಯದ ಬ್ಯಾಂಕು ದಾರಿಯಲ್ಲಿ ಒಂದಿಷ್ಟು ಡಾಲರ್ ಮುರಿದುಕೊಳ್ಳಬಹುದು. ಅದು ಮೊತ್ತ ನೋಡಿ ಮುರಿಯುವಂಥದ್ದಲ್ಲ, ಹಾಗಾಗಿ ಚಿಲ್ಲರೆ ಚಿಲ್ಲರೆಯಾಗಿ ಕಳಿಸುವುದಕ್ಕಿಂತ ಕೂಡಿಸಿ ಕಳಿಸುವುದು ಲಾಭ.

ಶುಲ್ಕದ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾಗಿ ಸೋರುವುದು ಊರಿನ ಬ್ಯಾಂಕು ಡಾಲರನ್ನು ರೂಪಾಯಿ ಮಾಡುವಾಗ. ಆ ದಿನದ ಮಾರುಕಟ್ಟೆ ದರಕ್ಕೂ ಬ್ಯಾಂಕು ಕೊಡುವ ದರಕ್ಕೂ ಡಾಲರ್‌ಗೆ ಐವತ್ತು ಪೈಸೆ ಅಂತರ ಇದ್ದರೆ, 20,000 ಡಾಲರ್‌ಗೆ 10,000 ರೂಪಾಯಿ ಹೋಯಿತು. ದೊಡ್ಡ ಮೊತ್ತ ಬರುತ್ತಿದೆ ಅಂತ ಮೊದಲೇ ಬ್ಯಾಂಕಿಗೆ ತಿಳಿಸಿ, ದರ ನೋಡಿ ಹಾಕಿ ಅಂತ ಕೇಳಿ. ಕೇಳಿದರೆ ಒಂದಿಷ್ಟು ಸುಧಾರಿಸುತ್ತಾರೆ, ಕೇಳದಿದ್ದರೆ ಬೋರ್ಡಿನ ದರ. ವಿನಿಮಯದ ಮೇಲೆ ಜಿಎಸ್‌ಟಿ ಇದೆ, ಆದರೆ ಅದು ಇಡೀ ಮೊತ್ತದ ಮೇಲಲ್ಲ. 10 ಲಕ್ಷ ರೂಪಾಯಿ ಬದಲಾಯಿಸಿದರೆ, ನಿಯಮದ ಪ್ರಕಾರ ಆ ಸೇವೆಯ ಮೌಲ್ಯ 5,500 ರೂಪಾಯಿ ಅಂತ ಲೆಕ್ಕ; ಅದಕ್ಕೆ ಶೇ. 18, ಅಂದರೆ 990 ರೂಪಾಯಿ. ಹೆದರುವಷ್ಟಿಲ್ಲ.

ಇಷ್ಟೆಲ್ಲ ಯಾಕೆ, ಅಡ್ಡದಾರಿ ಇದೆಯಲ್ಲ ಅನ್ನುವವರು ಸಿಕ್ಕೇ ಸಿಗುತ್ತಾರೆ. ನನ್ನ ಜೊತೆಗಿದ್ದ ಕಿರಿಯ ಹುಡುಗನೊಬ್ಬ ಕೇಳಿದ್ದ: "ಅಣ್ಣ, ಇಲ್ಲಿ ಒಬ್ರು ಇದಾರೆ. ನಾವು ಯುವಾನ್ ಹಾಕಿದ್ರೆ ಊರಲ್ಲಿ ಹತ್ತು ನಿಮಿಷಕ್ಕೆ ರೂಪಾಯಿ ಬರುತ್ತೆ. ಬ್ಯಾಂಕಿಗಿಂತ ಒಳ್ಳೆ ರೇಟು." ಹೌದು, ಬರುತ್ತದೆ. ಎಲ್ಲಿಂದ ಬರುತ್ತದೆ ಅನ್ನುವುದು ಪ್ರಶ್ನೆ. ಆ ರೂಪಾಯಿ ಹಾಕುವವನು ಯಾರೋ, ಅವನಿಗೆ ಅದು ಹೇಗೆ ಬಂತೋ. ಅದು ಸೈಬರ್ ವಂಚನೆಯ ದುಡ್ಡಾಗಿದ್ದರೆ ಪೊಲೀಸರು ಜಾಡು ಹಿಡಿದು ಬಂದು ನಿಮ್ಮ ಖಾತೆಯನ್ನೇ ತಡೆಹಿಡಿಯುತ್ತಾರೆ, ಅದೂ ದೂರದ ಯಾವುದೋ ರಾಜ್ಯದವರು. ಇದು ಹವಾಲಾ. ಫೆಮಾದಲ್ಲಿ, ಅಂದರೆ ನಮ್ಮ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಲ್ಲಿ, ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಚೀನಾದಲ್ಲೂ ಅಕ್ರಮವೇ. ಇನ್ನೊಂದು ನಷ್ಟ ಯಾರೂ ಹೇಳುವುದಿಲ್ಲ: ನೀವು ತೆರಿಗೆ ಕಟ್ಟಿ ದುಡಿದ ದುಡ್ಡು, ಊರಿಗೆ ಬರುವಷ್ಟರಲ್ಲಿ ಗುರುತಿಲ್ಲದ ದುಡ್ಡಾಗಿರುತ್ತದೆ. ನಾಳೆ ಸೈಟು ಕೊಳ್ಳುವಾಗ ಎಲ್ಲಿಂದ ಬಂತು ಅಂತ ಕೇಳಿದರೆ ಏನು ತೋರಿಸುತ್ತೀರಿ? ಅವನಿಗೆ ಇದನ್ನೇ ಹೇಳಿದೆ. ಕೇಳಿದನೋ ಇಲ್ಲವೋ ಗೊತ್ತಿಲ್ಲ.

ಚೀನೀ ಸ್ನೇಹಿತರ ಕೋಟಾದಲ್ಲಿ ಕಳಿಸುವುದೂ ಇಂಥದ್ದೇ. ಒಬ್ಬರ ದುಡ್ಡನ್ನು ಹಲವರ ಹೆಸರಲ್ಲಿ ಒಡೆದು ಕಳಿಸುವುದು ಅಲ್ಲಿ ನಿಷಿದ್ಧ. ಸಿಕ್ಕಿಬಿದ್ದರೆ ಆ ಸ್ನೇಹಿತನ ಹೆಸರು ನಿಗಾ ಪಟ್ಟಿಗೆ ಸೇರಿ, ಆ ವರ್ಷ ಮತ್ತು ಮುಂದಿನ ಎರಡು ವರ್ಷ ಅವನಿಗೆ ಕೋಟಾ ಇರುವುದಿಲ್ಲ. ಒಳ್ಳೆಯ ಮನುಷ್ಯನಿಗೆ ಸುಮ್ನೆ ತೊಂದರೆ ಕೊಡುವುದು ಯಾಕೆ. ಡಾಲರ್ ನೋಟು ಕೈಯಲ್ಲಿ ಒಯ್ಯುವುದಾದರೆ 5,000 ಡಾಲರ್‌ವರೆಗೆ ಚೀನಾದಿಂದ ಅನುಮತಿ ಇಲ್ಲದೆ ತರಬಹುದು. ಭಾರತದಲ್ಲಿ ಇಳಿದಾಗ ನೋಟು 5,000 ಡಾಲರ್ ದಾಟಿದ್ದರೆ ಕಸ್ಟಮ್ಸ್‌ಗೆ ಘೋಷಿಸಬೇಕು. ನಾನು ಟ್ಯಾಕ್ಸಿ ಖರ್ಚಿಗಿಂತ ಹೆಚ್ಚು ಹಿಡಿದುಕೊಂಡು ಬಂದಿಲ್ಲ.

ಬಿಟ್ಟು ಬರುವ ತಿಂಗಳು ಎಲ್ಲ ಒಟ್ಟಿಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಕಂಪನಿ ವರ್ಕ್ ಪರ್ಮಿಟ್ ರದ್ದು ಮಾಡಿಸುತ್ತದೆ, ರೆಸಿಡೆನ್ಸ್ ಪರ್ಮಿಟ್ ಕೂಡ ಹೋಗುತ್ತದೆ. ಸಾಮಾನುಕಟ್ಟಲು ಸ್ವಲ್ಪ ದಿನದ ತಂಗುವ ಅನುಮತಿ ಸಿಗುತ್ತದೆ, ಅಷ್ಟೇ. ಬ್ಯಾಂಕಿನವರು ಚಾಲ್ತಿಯಲ್ಲಿರುವ ವರ್ಕ್ ಪರ್ಮಿಟ್ ನೋಡಲು ಬಯಸುತ್ತಾರೆ. ಹಾಗಾಗಿ ರಾಜೀನಾಮೆಯ ನೋಟಿಸ್ ಅವಧಿಯಲ್ಲೇ, ಪರ್ಮಿಟ್ ಇನ್ನೂ ಜೀವಂತ ಇರುವಾಗಲೇ, ದೊಡ್ಡ ಮೊತ್ತ ಕಳಿಸಿಬಿಟ್ಟೆ. ಕೊನೆಯ ಸಂಬಳಕ್ಕೆ ತೆರಿಗೆ ದಾಖಲೆ ಬರುವುದು ಮುಂದಿನ ತಿಂಗಳು. ಅದಕ್ಕೆ ಎಚ್‌ಆರ್‌ನವರಿಗೆ ಬೇಗ ಸಲ್ಲಿಸಿ ಅಂತ ಕೇಳಿಕೊಳ್ಳಬೇಕು.

ಮರೆಯಬಾರದ್ದು ಪಿಂಚಣಿ ಖಾತೆ. ವಿದೇಶಿ ಉದ್ಯೋಗಿಗಳನ್ನೂ ಸಾಮಾಜಿಕ ವಿಮೆಗೆ ಸೇರಿಸುವ ನಿಯಮ 2011ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಸಂಬಳದಿಂದ ಶೇ. 8 ಪಿಂಚಣಿಗೆ ಹೋಗುತ್ತದೆ. ದೇಶ ಬಿಟ್ಟು ಹೋಗುವಾಗ ಅರ್ಜಿ ಕೊಟ್ಟರೆ ನಮ್ಮ ಪಾಲು ಒಟ್ಟಿಗೆ ವಾಪಸ್ ಬರುತ್ತದೆ. ಕಂಪನಿ ಕಟ್ಟಿದ ಪಾಲು ಬರುವುದಿಲ್ಲ. ವರ್ಷಗಟ್ಟಲೆ ದುಡಿದವರಿಗೆ ಇದು ಸಣ್ಣ ದುಡ್ಡಲ್ಲ, ಆದರೂ ಎಷ್ಟೋ ಜನ ಕೇಳದೇ ಬಂದುಬಿಡುತ್ತಾರೆ. ಆ ಹಣ ಬರುವುದು ಚೀನಾದ ಖಾತೆಗೇ. ಅದಕ್ಕೇ ಖಾತೆಯನ್ನೂ, ಒಟಿಪಿ ಬರುವ ಅಲ್ಲಿನ ಸಿಮ್ಮನ್ನೂ ಆತುರದಲ್ಲಿ ಮುಚ್ಚಬೇಡಿ. ವಿಮೆ ಕಚೇರಿ ಕೊಟ್ಟ ಚೀಟಿಯನ್ನು ಆದಾಯದ ದಾಖಲೆಯಾಗಿ ಬ್ಯಾಂಕಿಗೆ ತೋರಿಸಿ ಅದನ್ನೂ ಡಾಲರ್ ಮಾಡಿಸಿದೆ.

ಊರಿಗೆ ಬಂದ ಮೇಲೆ ಮೊದಲ ಕೆಲಸ, ಬಂದ ಪ್ರತಿ ಮೊತ್ತಕ್ಕೂ ಬ್ಯಾಂಕಿನಿಂದ ವಿದೇಶಿ ಹಣ ಬಂದ ಬಗ್ಗೆ ಪತ್ರ ತೆಗೆದುಕೊಳ್ಳುವುದು. ಅದನ್ನು ಚೀನಾದ ತೆರಿಗೆ ದಾಖಲೆಯ ಜೊತೆ ಒಂದೇ ಫೈಲಿನಲ್ಲಿಟ್ಟಿದ್ದೇನೆ. ಅನಿವಾಸಿಯಾಗಿದ್ದಾಗ ಹೊರಗೆ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ, ಆದರೆ ಕೇಳಿದಾಗ ತೋರಿಸಲು ಕಾಗದ ಬೇಕು. ಒಂದು ಭಾಗವನ್ನು ಬರುವ ಮುಂಚೆಯೇ ಡಾಲರ್‌ನಲ್ಲೇ ಎಫ್‌ಸಿಎನ್‌ಆರ್ (ಅನಿವಾಸಿಗಳು ವಿದೇಶಿ ಹಣದಲ್ಲೇ ಇಡುವ) ಠೇವಣಿ ಇಟ್ಟಿದ್ದೆ. ವಾಪಸ್ ಬಂದರೂ ಅದು ಅವಧಿ ಮುಗಿಯುವವರೆಗೆ ಮುಂದುವರಿಯುತ್ತದೆ, ಆಮೇಲೆ ಆರ್‌ಎಫ್‌ಸಿ (ವಾಪಸ್ ಬಂದವರು ವಿದೇಶಿ ಹಣದಲ್ಲೇ ಇಟ್ಟುಕೊಳ್ಳುವ) ಖಾತೆಗೆ ಹಾಕಿಕೊಳ್ಳಬಹುದು. ಎನ್‌ಆರ್‌ಇ ಹಾಗಲ್ಲ. ಕಾಯಂ ಆಗಿ ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆ ಮಾಡಿಸಬೇಕು, ಅದರ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿಯೂ ಅಲ್ಲಿಗೆ ಮುಗಿಯಿತು.

ಚೀನಾದ ಖಾತೆಯನ್ನು ಪಿಂಚಣಿ ಹಣ ಬಂದು ಹೋದ ಮೇಲೆ ಮುಚ್ಚಿಸಿದೆ. ಇಟ್ಟುಕೊಂಡರೆ ತಪ್ಪಿಲ್ಲ. ಆದರೆ ಇಲ್ಲಿ ತೆರಿಗೆ ಲೆಕ್ಕಕ್ಕೆ ಪೂರ್ಣ ನಿವಾಸಿಯಾದ ವರ್ಷದಿಂದ, ಅದರಲ್ಲಿ ನೂರು ಯುವಾನ್ ಇದ್ದರೂ ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ನೂರು ಯುವಾನ್‌ಗೆ ಆ ಕೆಲಸ ಯಾರು ಮಾಡುತ್ತಾರೆ.