ಕಥೆ ಗೊತ್ತಿದ್ದವರನ್ನೂ ಕಾಯಿಸುವುದು: 'ಈಡಿಪಸ್' ಆಡಿಸಿದ ಅನುಭವ

ನಮ್ಮ ಹವ್ಯಾಸಿ ತಂಡಕ್ಕೆ ಗ್ರೀಕ್ ನಾಟಕಕಾರ ಸೋಫೊಕ್ಲಿಸನ 'ಈಡಿಪಸ್' ಮಾಡಿಸುತ್ತೇನೆ ಅಂದಾಗ ಒಬ್ಬ ನಟ ಕೇಳಿದ, "ಕಥೆ ಎಲ್ಲರಿಗೂ ಗೊತ್ತಲ್ವಾ ಸರ್, ಇನ್ನೇನು ಕುತೂಹಲ?" ನಿಜವೇ. ಈಡಿಪಸ್ ಗೊತ್ತಿಲ್ಲದೆ ಅಪ್ಪನನ್ನು ಕೊಂದ, ಅಮ್ಮನನ್ನು ಮದುವೆಯಾದ. ಸುಮಾರು 2,400 ವರ್ಷಗಳ ಹಿಂದೆ ಅಥೆನ್ಸ್‌ನಲ್ಲಿ ನೋಡಲು ಕೂತವರಿಗೂ ಇದು ಗೊತ್ತಿದ್ದ ಕಥೆಯೇ. ಹಾಗಾಗಿ 'ಮುಂದೇನಾಗುತ್ತೆ' ಎಂಬುದನ್ನು ನಾನು ಮೊದಲೇ ಕೈಬಿಟ್ಟೆ. ತಾಲೀಮಿನ ಪ್ರತಿಯಲ್ಲಿ ಪ್ರತಿ ದೃಶ್ಯದ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೆದುಕೊಂಡೆ: ಈ ಹೊತ್ತಿಗೆ ಯಾರಿಗೆ ಎಷ್ಟು ಗೊತ್ತು?

ಹಿಂದಿನ ದೊರೆ ಲೈಯಸ್‌ನನ್ನು ಕೊಂದವನನ್ನು ದೊರೆ ಈಡಿಪಸ್ ಹುಡುಕುತ್ತಿದ್ದಾನೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಸತ್ಯವನ್ನು ಬಹಳ ಬೇಗ ಹೇಳಿಬಿಡುತ್ತಾನೆ. "ನೀನು ಹುಡುಕುತ್ತಿರುವ ಕೊಲೆಗಾರ ನೀನೇ" ಅಂತ. ಆದರೆ ಜಗಳದ ಮಧ್ಯೆ, ಸಿಟ್ಟಿನಲ್ಲಿ. ಜಗಳದಲ್ಲಿ ಆಡಿದ ಮಾತನ್ನು ಯಾರು ನಂಬುತ್ತಾರೆ? ಆ ದೃಶ್ಯವನ್ನು ಭವಿಷ್ಯವಾಣಿಯಂತೆ ಗಂಭೀರವಾಗಿ ಆಡಿಸಲಿಲ್ಲ, ಬೀದಿ ಜಗಳದಂತೆ ಆಡಿಸಿದೆ.

ಈಡಿಪಸ್‌ನ ಹೆಂಡತಿ ಜೋಕಾಸ್ಟಾ ಗಂಡನಿಗೆ ಸಮಾಧಾನ ಹೇಳಲು ಬರುತ್ತಾಳೆ. ದೈವವಾಣಿ ಎಲ್ಲ ಸುಳ್ಳು, ನನ್ನ ಮೊದಲ ಗಂಡ ಲೈಯಸ್‌ನನ್ನು ಕೊಂದದ್ದು ಮೂರು ದಾರಿ ಕೂಡುವಲ್ಲಿ ಸಿಕ್ಕ ದರೋಡೆಕೋರರು ಅನ್ನುತ್ತಾಳೆ. ಅಂಥದ್ದೇ ಜಾಗದಲ್ಲಿ ಹಿಂದೊಮ್ಮೆ ಒಬ್ಬ ಮುದುಕನನ್ನು ಕೊಂದವನು ಈಡಿಪಸ್. 'ಮೂರು ದಾರಿ' ಕಿವಿಗೆ ಬಿದ್ದದ್ದೇ ತಡ, ಅವನು ಮುಂದಿನದ್ದನ್ನು ಕೇಳಿಸಿಕೊಳ್ಳಬಾರದು. ಅವಳು ಮಾತಾಡುತ್ತಲೇ ಇರಬೇಕು. ನಟನಿಗೆ ನಾನು ಹೇಳಿದ್ದು ಇಷ್ಟೇ. ಆಮೇಲೆ ಅವನಿಗೆ ಉಳಿಯುವುದು ಒಂದೇ ಎಳೆ: ಬದುಕಿ ಬಂದ ಆಳು 'ಕಳ್ಳರು' ಅಂದಿದ್ದ, 'ಕಳ್ಳ' ಅಂದಿರಲಿಲ್ಲ. ಕೊಂದವರು ಹಲವರಾದರೆ ಅದು ತಾನಲ್ಲ. ಅವನನ್ನು ಕರೆಸಿ ಅನ್ನುತ್ತಾನೆ. ಕಾಯುವಿಕೆ ಅಲ್ಲಿಂದ ಶುರು.

ಕಾಯುತ್ತಿರುವ ಆಳು ಬರುವುದಿಲ್ಲ, ಕಾಯದ ಕೊರಿಂಥ್‌ನ ದೂತ ಬರುತ್ತಾನೆ. ಈಡಿಪಸ್ ತನ್ನ ಅಪ್ಪ ಅಮ್ಮ ಎಂದು ನಂಬಿರುವುದು ಕೊರಿಂಥ್‌ನ ದೊರೆ, ರಾಣಿಯನ್ನು; ಅಮ್ಮನನ್ನು ಮದುವೆಯಾಗುತ್ತೀಯ ಎಂಬ ದೈವವಾಣಿಗೆ ಹೆದರಿ ಅಲ್ಲಿಂದ ದೂರವಾದವನು. ದೂತನನ್ನು ಖುಷಿಯ ಮುದುಕನನ್ನಾಗಿ ಮಾಡಿದೆ. ಒಳ್ಳೆ ಸುದ್ದಿ ತಂದಿದ್ದೇನೆ, ಏನಾದರೂ ಇನಾಮು ಸಿಗಬಹುದು ಎಂಬ ಆಸೆಯವನು. "ಆ ತಾಯಿಯ ಭಯ ಬಿಡಿ ದೊರೆ, ಅವಳು ನಿಮ್ಮ ಹೆತ್ತ ತಾಯಿಯೇ ಅಲ್ಲ" ಎಂದು ನಗುತ್ತಾ ಹೇಳುತ್ತಾನೆ. ಜನ ಸಣ್ಣಗೆ ನಕ್ಕರು. ನನಗೆ ಬೇಕಿದ್ದದ್ದೂ ಅದೇ.

ಕಾಲಿನ ಕೀಲು ಚುಚ್ಚಿದ್ದ ಕೂಸಾಗಿ ಈಡಿಪಸ್‌ನನ್ನು ಒಬ್ಬ ಕುರುಬ ತನಗೆ ಕೊಟ್ಟ ಎಂದು ದೂತ ಹೇಳುವಾಗ, ಹಿಂದೆ ಅಂಥದ್ದೇ ತನ್ನ ಕೂಸನ್ನು ತೊರೆದಿದ್ದ ಜೋಕಾಸ್ಟಾ ರಂಗದ ಮೇಲೇ ಇದ್ದಾಳೆ, ಒಂದೂ ಮಾತಿಲ್ಲ. ನಾಟಕದ ಅತ್ಯಂತ ದೊಡ್ಡ ಪಾತ್ರಾಭಿನಯ ಅಲ್ಲಿದೆ. ಅವಳನ್ನು ಪಕ್ಕಕ್ಕೆ, ಮುಂದಕ್ಕೆ ತಂದು ನಿಲ್ಲಿಸಿದೆ. ಗಂಡಸರಿಬ್ಬರು ಹಿಂದೆ ಮಾತಾಡುತ್ತಿದ್ದರೆ, ಪ್ರೇಕ್ಷಕರು ಅವಳ ಮುಖ ನೋಡುತ್ತಿದ್ದರು. ಅವಳಿಗೆ ಗೊತ್ತಾಯಿತು, ಅವನಿಗೆ ಇನ್ನೂ ಇಲ್ಲ. ಆ ಅಂತರವನ್ನು ಆದಷ್ಟು ಎಳೆದೆ.

ಕಡೆಗೂ ಕುರುಬ ಬರುತ್ತಾನೆ. ಕೊಲೆ ಕಂಡ ಆಳೂ ಅವನೇ, ಕೂಸನ್ನು ಕೊಟ್ಟವನೂ ಅವನೇ. ತಮಾಷೆ ನೋಡಿ, ಕಳ್ಳರು ಎಷ್ಟು ಜನ ಎಂದು ಅವನನ್ನು ಯಾರೂ ಕೇಳುವುದೇ ಇಲ್ಲ! ಕರೆಸಿದ ಕಾರಣವೇ ಮರೆತುಹೋಗಿರುತ್ತದೆ. ನಮ್ಮ ಪ್ರೇಕ್ಷಕರಲ್ಲೂ ಯಾರೂ ಅದನ್ನು ಎತ್ತಲಿಲ್ಲ. ಇಲ್ಲಿ ಮಾತುಗಳನ್ನು ಉಸಿರು ಬಿಡದೆ ಒಂದರ ಮೇಲೊಂದು ಹಾಕಿಸಿದೆ. ಒಂದೇ ಕಡೆ ನಿಲ್ಲಿಸಿದೆ: ಕುರುಬ "ಹೇಳಬಾರದ್ದರ ಅಂಚಿಗೆ ಬಂದಿದ್ದೇನೆ" ಅಂದ ಮೇಲೆ, ಈಡಿಪಸ್ "ಆದರೂ ಕೇಳಲೇಬೇಕು" ಅನ್ನುವ ಮೊದಲು.

ಸತ್ಯ ತಿಳಿದ ಈಡಿಪಸ್ ಕಣ್ಣು ಚುಚ್ಚಿಕೊಳ್ಳುವುದನ್ನು ತೋರಿಸೋಣ ಎಂದು ತಂಡದಲ್ಲಿ ಕೆಲವರಿಗೆ ಆಸೆ. ನಾನು ಒಪ್ಪಲಿಲ್ಲ. ಮೂಲದಲ್ಲೂ ಅದು ಅರಮನೆ ಒಳಗೇ ನಡೆಯುತ್ತದೆ, ಅರಮನೆಯ ಬೇರೊಬ್ಬ ದೂತ ಬಂದು ಹೇಳುತ್ತಾನೆ. ಅವನು ಹೇಳಿ ಮುಗಿಸುವವರೆಗೂ ಹಿಂದಿನ ಬಾಗಿಲು ಮುಚ್ಚಿರಲಿ, ಅದರ ಮೇಲೆ ಮಾತ್ರ ಬೆಳಕಿರಲಿ ಅಂದೆ. ಮೇಕಪ್‌ನವರಿಗೂ ಕೆಂಪು ಬಣ್ಣ ಸುಮ್ನೆ ಜಾಸ್ತಿ ಬಳಿಯಬೇಡಿ ಎಂದು ಹೇಳಿಟ್ಟಿದ್ದೆ.