ಪಾದದ ಪಟ್ಟಿ ಕಂದಾದರೆ ಹೀಗೆ ಮಾಡಿ ನೋಡಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಅತ್ತಿಗೆ ಕಂದುಗಟ್ಟಿದ ಡಿಟಾಕ್ಸ್ ಪಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿ ತಂದರು. ರಾತ್ರಿ ಪಾದಕ್ಕೆ ಅಂಟಿಸಿಕೊಂಡು ಮಲಗಿದರೆ ಮೈಯ ವಿಷ ಹೀರುತ್ತದೆಂದು ಮಾರುವ ಪಟ್ಟಿ ಅದು. "ಒಂದೇ ರಾತ್ರಿಗೆ ಪಾದದಿಂದ ಎಷ್ಟು ವಿಷ ಇಳಿದಿದೆ ನೋಡಿ!"

ನಿಮ್ಮ ಮನೆಗೂ ಅದು ಬಂದಿದ್ದರೆ, ಹೊಸ ಪಟ್ಟಿಯೊಂದನ್ನು ಇಕ್ಕಳದಲ್ಲಿ ಹಿಡಿದು ಕುದಿಯುವ ಗಂಜಿಯ ಹಬೆಗೆ ಒಡ್ಡಿ. ಸ್ವಲ್ಪ ಹೊತ್ತಿಗೆ ಅದೇ ಕಂದು, ಅದೇ ಹೊಗೆಯ ವಾಸನೆ. ಒಳಗಿರುವುದು ಮರದ ಹೊಗೆಯಿಂದ ಇಳಿಸಿದ ವಿನೆಗರ್‌ನ ಪುಡಿ. ತೇವ ತಗುಲಿದರೆ ಬಣ್ಣ ತಿರುಗುತ್ತದೆ, ಅದು ಬೆವರಾಗಲಿ, ಗಂಜಿಯ ಹಬೆಯಾಗಲಿ. ಇಂಥ ಪಟ್ಟಿ ಮಾರುತ್ತಿದ್ದವರ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ದಾವೆ ಹೂಡಿತ್ತು.

ಮುಂದೆ ಮಾರುವವನನ್ನು ಕೇಳಿ: ಯಾವ ವಿಷ? ಹೆಸರೇನು? ರಕ್ತದಲ್ಲಿ ಮೊದಲೆಷ್ಟಿತ್ತು, ಈಗೆಷ್ಟಿದೆ? "ಟಾಕ್ಸಿನ್" ಎಂದಷ್ಟೇ ಹೇಳಿದರೆ ದುಡ್ಡು ಜೇಬಿನಲ್ಲೇ ಇರಲಿ. ಮೈಯ ಕಸ ತೆಗೆಯಲು ಮೂತ್ರಪಿಂಡಗಳೇ ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಪುಕ್ಕಟೆ ಸೋಸುತ್ತವೆ. ಅಡಿಕೆಗೆ ಹೊಡೆಯುವ ಮೈಲುತುತ್ತ ಹೊಟ್ಟೆಗೆ ಹೋದರೆ ಅದು ನಿಜವಾದ ವಿಷ. ಆಗ ಡಿಟಾಕ್ಸ್ ಪಟ್ಟಿ, ಡಿಟಾಕ್ಸ್ ಜ್ಯೂಸು ಬಿಟ್ಟು ನೇರ ಆಸ್ಪತ್ರೆಗೆ ಓಡಿ.

ಅತ್ತಿಗೆ ಉಳಿದ ಪಟ್ಟಿಗಳನ್ನು ಎಸೆದಿಲ್ಲ. ಒಂಬೈನೂರು ರೂಪಾಯಿ ಕೊಟ್ಟದ್ದಲ್ಲವೇ, ಕಪಾಟಿನಲ್ಲಿ ಭದ್ರವಾಗಿವೆ.